ಒಬ್ಬರೇ ಬಂದವರು

ಬಿಲ್ಲೆಗಳೇನೋ ಸರಿಯಾಗಿಯೇ ಇದ್ದವು. ಬೆಳಗಿನಿಂದ ಮೂರು ಸಲ ಎಣಿಸಿದ್ದ ಕುನಿಮಾತ್ಸು ನಾಲ್ಕನೆಯ ಸಲ ಎಣಿಸಲು ಎದ್ದವನು, ಸೀಮೆಎಣ್ಣೆ ಒಲೆಯ ಬತ್ತಿ ಏರಿಸುವವನಂತೆ ನಟಿಸಿದ. ನಟನೆ ಯಾರಿಗಾಗಿ ಎಂದು ಕೇಳಿದರೆ ಹೇಳುವುದು ಕಷ್ಟ. ಆ ಕಚೇರಿಯಲ್ಲಿ ಅವನೊಬ್ಬನೇ ಇದ್ದ, ಕಿಟಕಿಯಾಚೆ ಬಸ್ಸು ನಿಲ್ದಾಣವೂ ಖಾಲಿಯಿತ್ತು. ಮುಂಚಿತವಾಗಿ ಕೋಣೆ ಗೊತ್ತುಮಾಡಿಕೊಳ್ಳದೆ ಬಿಸಿನೀರ ಬುಗ್ಗೆಗಳ ಊರಾದ ನಿಗೋರಿಸಾವಾಕ್ಕೆ ಬಂದಿಳಿದವರಿಗೆ ಯಾವುದಾದರೊಂದು ವಸತಿಮನೆಯಲ್ಲಿ ಜಾಗ ಕೊಡಿಸುವುದು ಅವನ ಕೆಲಸ. ಗೋಡೆಯ ಹಲಗೆಯ ಮೇಲೆ ಹದಿನಾಲ್ಕು ಮನೆಗಳ ಹೆಸರು ಬರೆದ ಹದಿನಾಲ್ಕು ಮರದ ಬಿಲ್ಲೆಗಳು ತೂಗುತ್ತವೆ. ಎಡತುದಿಯ ಬಿಲ್ಲೆ ಯಾರದೋ ಅವರಿಗೆ ಫೋನು, ಗಿರಾಕಿ ಅತ್ತ ಹೋದ ಕೂಡಲೇ ಆ ಬಿಲ್ಲೆ ಬಲತುದಿಗೆ. ಇದರಲ್ಲಿ ಆರಿಸುವ ಮಾತೇ ಇಲ್ಲ. "ಯಾವುದು ಚೆನ್ನಾಗಿದೆ?" ಎಂದು ಯಾರಾದರೂ ಕೇಳಿದರೆ, "ಎಲ್ಲಾ ಚೆನ್ನಾಗಿದೆ, ನೀರು ಒಂದೇ" ಎನ್ನಬೇಕು. ಇಪ್ಪತ್ತೆರಡು ವರ್ಷ ಅವನು ಹಾಗೆಯೇ ಅಂದಿದ್ದ, ನೀರು ಒಂದೇ ಅಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಇಲ್ಲದಿದ್ದರೂ. ಹಲಗೆಯ ಹದಿನೈದನೆಯ ಮೊಳೆ ಬರಿದಾಗಿತ್ತು. ಅದು ಅವನ ಅಪ್ಪನ ಮನೆಯ ಬಿಲ್ಲೆಯದು. ಅಂಗಳದ ಬಿಸಿನೀರ ಬುಗ್ಗೆ ಒಂದು ಚಳಿಗಾಲ ಬತ್ತಿ, ಮನೆ ಮುಚ್ಚಿ, ಕೊನೆಗೆ ಮಗನಿಗೆ ದಕ್ಕಿದ್ದು ಉಳಿದ ಹದಿನಾಲ್ಕು ಮನೆಗಳಿಗೆ ಗಿರಾಕಿ ಹಂಚುವ ಈ ಕುರ್ಚಿ. ಮೊಳೆಯನ್ನು ಕೀಳಿಸಬೇಕೆಂದು ವಸತಿಮನೆಗಳ ಸಂಘದ ಸಭೆಯಲ್ಲಿ ಎರಡು ಸಲ ತೀರ್ಮಾನವಾಗಿತ್ತು. ಕೀಳಲು ಇಕ್ಕಳ ಯಾರು ತರಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಆದರೂ ಅವನಿಗೊಂದು ಹೆಸರಿತ್ತು. ಒಬ್ಬರೇ ಬಂದ ಗಿರಾಕಿಯನ್ನು ಈ ಬೆಟ್ಟದಲ್ಲಿ ಯಾರೂ ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ಬೇಸಾಯ ಮುಗಿಸಿ ಮೈನೋವು ಕಳೆಯಲು ಬರುವವರು ಗುಂಪಾಗಿ ಬರುತ್ತಾರೆ, ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ನವೆಂಬರಿನ ಚಳಿಯಲ್ಲಿ ಒಬ್ಬಂಟಿಯಾಗಿ ಬೆಟ್ಟ ಹತ್ತುವವರು ವಾಪಸ್ಸು ಇಳಿಯುವ ಮನಸ್ಸಿನಿಂದಲೇ ಬಂದಿದ್ದಾರೆಂದು ಹೇಗೆ ನಂಬುವುದು? ಆದ್ದರಿಂದ ಫೋನೆತ್ತಿದ ಒಡತಿಯರೆಲ್ಲ ಮೊದಲು ಕೇಳುವುದು, "ಹೇಗಿದ್ದಾರೆ?" ಎಂದು. ಕುನಿಮಾತ್ಸು ನೋಡಿ ಹೇಳುತ್ತಿದ್ದ. ಊಟಕ್ಕೆ ಏನು ಕೊಡುತ್ತಾರೆಂದು ಕೇಳಿದವರು, ದರ ಹೆಚ್ಚಾಯಿತೆಂದು ಮೂಗು ಮುರಿದವರು, ನಾಳೆಯ ಮೊದಲ ಬಸ್ಸು ಎಷ್ಟೊತ್ತಿಗೆಂದು ವಿಚಾರಿಸಿದವರು ಬದುಕುವವರು. ಕೊಟ್ಟ ಊರಿನ ನಕಾಶೆಯನ್ನು ಅಚ್ಚುಕಟ್ಟಾಗಿ ಮಡಿಸಿ ಕಟ್ಟೆಯ ಮೇಲೆಯೇ ಬಿಟ್ಟುಹೋಗುವವರ ಬಗ್ಗೆ ಅವನು ಫೋನಿನಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅಷ್ಟೆ. ಆ ಕಡೆಯವರಿಗೆ ಥಟ್ಟನೆ ಕೋಣೆಗಳೆಲ್ಲ ಭರ್ತಿಯಾಗಿಬಿಡುತ್ತಿದ್ದವು. ಮುಂದೆ ಆ ಮನುಷ್ಯ ಕೆಳಗಿನ ಪೇಟೆಗೆ ಹೋಗಿ ಏನಾದನೆಂದು ಯಾರೂ ಕೇಳುತ್ತಿರಲಿಲ್ಲ. ಕೆಳಗಿನ ಪೇಟೆ ಬೇರೆ ಸಂಘಕ್ಕೆ ಸೇರಿದ್ದು.

ಎರಡೂ ಹತ್ತರ ಬಸ್ಸಿನಿಂದ ಹೆಂಗಸೊಬ್ಬಳು ಇಳಿದಳು. ಹಿಂದೆ ಯಾರಾದರೂ ಇಳಿಯುತ್ತಾರೆಯೇ ಎಂದು ಕುನಿಮಾತ್ಸು ಕತ್ತು ಚಾಚಿ ನೋಡಿದ, ಯಾರೂ ಇಳಿಯಲಿಲ್ಲ. ಐವತ್ತರ ಆಸುಪಾಸು, ಬೂದುಬಣ್ಣದ ಕೋಟು, ಒಂದು ಕೈಯಲ್ಲಿ ಚಿಕ್ಕ ಚೀಲ, ಇನ್ನೊಂದರಲ್ಲಿ ನೇರಳೆ ಬಟ್ಟೆಯಲ್ಲಿ ಕಟ್ಟಿದ ಎರಡು ಪೆಟ್ಟಿಗೆಗಳು. ಒಳಗೆ ಬಂದವಳು ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಸೊಂಟದಿಂದ ಬಗ್ಗಿ ನಮಸ್ಕರಿಸಿದಳು. ಕೋಣೆ ಕೇಳಲು ಬಂದವರು ಕೋಟು ಬಿಚ್ಚುವುದಿಲ್ಲ. ಕ್ಷಮೆ ಕೇಳಲು ಬಂದವರು ಬಿಚ್ಚುತ್ತಾರೆ.

"ನಾನು ಇನುಕಾಯ್ ಅಂತ. ಹೋದ ವರ್ಷ ಇದೇ ತಿಂಗಳು ನಮ್ಮ ಯಜಮಾನರಿಂದ ಈ ಊರಿಗೆ ತುಂಬಾ ತೊಂದರೆ ಆಯ್ತು."

ಕುನಿಮಾತ್ಸುವಿನ ಕೈ ಮೇಜಿನ ಮೇಲೆ ಏನನ್ನೋ ಹುಡುಕಿ, ಏನೂ ಸಿಗದೆ, ಚಹದ ಲೋಟವನ್ನು ಹಿಡಿಯಿತು. ಲೋಟ ಖಾಲಿಯಿತ್ತು. ಆದರೂ ಎತ್ತಿ ಕುಡಿದ.

ಅವಳು ಮಾತನ್ನು ದಾರಿಯಲ್ಲಿ ಉರುಹೊಡೆದುಕೊಂಡು ಬಂದವಳಂತೆ ನಿಲ್ಲದೆ ಹೇಳಿದಳು. ಆಗ ಪೊಲೀಸು ಠಾಣೆಗೆ ಬಂದು ದೇಹ ತೆಗೆದುಕೊಂಡು ಹೋದದ್ದಷ್ಟೆ. ಅವರು ಕೊನೆಯ ರಾತ್ರಿ ತಂಗಿದ್ದ ವಸತಿಮನೆ ತೋಬಿನೋಯಾದವರ ಮುಖ ನೋಡಿ ತಪ್ಪಾಯಿತು ಅನ್ನುವುದಕ್ಕೂ ಧೈರ್ಯ ಸಾಲಲಿಲ್ಲ. ಈಗ ವರ್ಷದ ಕಾರ್ಯ ಮುಗಿಯಿತು. ಅಲ್ಲೇ ಒಂದು ರಾತ್ರಿ ಇದ್ದು, ಅವರಿಗೆ ಕೈಮುಗಿದು ಹೋಗಬೇಕು. ಪೆಟ್ಟಿಗೆಗಳಲ್ಲಿ ಇರುವುದು ತಮ್ಮೂರಿನ ಹೂರಣದ ಮಿಠಾಯಿ, ಒಂದು ತೋಬಿನೋಯಾದವರಿಗೆ. "ಇನ್ನೊಂದು ಆ ದಿನ ಇಲ್ಲಿ ಕೂತಿದ್ದವರಿಗೆ. ಅವರು ಈಗ್ಲೂ ಇದ್ದಾರಾ?"

"ಯಾಕಮ್ಮಾ?"

ಅವಳು ಚೀಲದಿಂದ ಒಂದು ಕಾರ್ಡು ತೆಗೆದು ಎರಡೂ ಕೈಯಿಂದ ಚಾಚಿದಳು. ಗಂಡ ಬರೆದದ್ದು, ಅವನು ಸತ್ತ ಮೂರನೆಯ ದಿನ ಅಂಚೆಯಲ್ಲಿ ಮನೆಗೆ ಬಂದದ್ದು. ಅಕ್ಷರ ದುಂಡಗಿತ್ತು, ಅವಸರವಿರಲಿಲ್ಲ. ಮಕ್ಕಳ ವಿಷಯ ಎರಡು ಸಾಲು, ತೋಟದ ಪರ್ಸಿಮನ್ ಹಣ್ಣುಗಳನ್ನು ಕಾಗೆಗೆ ಬಿಡಬೇಡ ಎಂದು ಒಂದು ಸಾಲು, ಆಮೇಲೆ, 'ಇಲ್ಲಿಯ ಕಚೇರಿಯವರು ನನ್ನ ಮುಖ ನೋಡಿ, ಸರದಿಯಲ್ಲಿದ್ದ ಮನೆಯನ್ನು ಬಿಟ್ಟು, ಬಿಲ್ಲೆ ಬದಲಿಸಿ, ಊರಿನಲ್ಲೇ ಒಳ್ಳೆಯ ಮನೆಯನ್ನು ಆರಿಸಿಕೊಟ್ಟರು. ಬಹಳ ದಿನದ ಮೇಲೆ ಒಬ್ಬರು ನನಗಾಗಿ ನಿಯಮ ಮುರಿದರು.'

ಕುನಿಮಾತ್ಸು ಅದನ್ನು ಎರಡು ಸಲ ಓದಿದ. ನೋಡಿದ್ದನೆ ಆ ಮನುಷ್ಯ? ಬೆನ್ನು ಮಾಡಿಕೊಂಡು, ಮೈಯನ್ನೇ ಅಡ್ಡ ಮಾಡಿಕೊಂಡು ಬಿಲ್ಲೆ ಬದಲಿಸಿದ್ದೆನಲ್ಲ? ಎದುರಿನ ಕಿಟಕಿಯ ಗಾಜಿನಲ್ಲಿ ಕಂಡಿತೇನೋ. ಆ ಸಂಜೆ ಐದಕ್ಕೆ ಹತ್ತು ನಿಮಿಷವಿತ್ತು, ಎಡತುದಿಯಲ್ಲಿ ಇದ್ದದ್ದು ಬೇರೆ ಮನೆಯ ಬಿಲ್ಲೆ. ಅದಕ್ಕೆ ಹನ್ನೊಂದು ದಿನಗಳ ಹಿಂದೆ ಸಂಘದ ಔತಣದಲ್ಲಿ ತೋಬಿನೋಯಾದ ಒಡತಿ ರಿತ್ಸು ತಾನೇ ಎದ್ದು ಬಂದು ಅವನ ಬಟ್ಟಲಿಗೆ ಬಿಸಿ ಸಾಕೆ ಮದ್ಯ ಬಗ್ಗಿಸುತ್ತ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಿದ್ದಳು: "ಗಿರಾಕಿ ಮುಖ ನೋಡಿ ಹೊಟ್ಟೆಯೊಳಗಿನದನ್ನ ಹೇಳಿಬಿಡ್ತಾರೆ ನಮ್ಮ ಕುನಿಮಾತ್ಸು-ಸಾನ್. ಪಾಪ, ಸ್ವಂತ ಅಂಗಳದ ಬುಗ್ಗೆ ಬತ್ತೋದೊಂದು ಕಾಣಿಸ್ಲಿಲ್ಲ." ಹದಿನಾಲ್ಕು ಮನೆಯವರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಅದಕ್ಕೇ ಅದು ಇನ್ನೂ ಮೈಗಂಟಿಕೊಂಡಿತ್ತು. ಹಾಗಾಗಿ ಆ ಸಂಜೆ, ದರ ಕೇಳದ, ಊಟ ಕೇಳದ, ಬಸ್ಸಿನ ಹೊತ್ತು ಕೇಳದ ಆ ಮನುಷ್ಯ ನಕಾಶೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟಾಗ, ಕುನಿಮಾತ್ಸುವಿಗೆ ಇದು ಎಂಥ ಗಿರಾಕಿಯೆಂದು ಗೊತ್ತಾಯಿತು, ಇದು ಯಾರ ಮನೆಗೆ ಹೋಗಬೇಕೆಂದೂ ಗೊತ್ತಾಯಿತು. "ಹೇಗಿದ್ದಾರೆ?" ಎಂದು ರಿತ್ಸು ಕೇಳಿದಳು. "ಮರ್ಯಾದಸ್ಥರು, ದೊಡ್ಡ ಕೆಲಸದಲ್ಲಿರೋ ಹಾಗಿದೆ. ವಿಶ್ರಾಂತಿಗೆ ಬಂದಿದ್ದಾರೆ" ಅಂದ. ಸಾವನ್ನು ಅವನು ಕಳಿಸಿರಲಿಲ್ಲ. ಕಳಿಸಿದ್ದು ಬರೀ ಒಂದು ಕಿರಿಕಿರಿಯನ್ನು: ಬಡಿಸಿದ ತಟ್ಟೆ ಮುಟ್ಟದ, ಕೆಲಸದ ಹೆಂಗಸರನ್ನು ಹೆದರಿಸುವ, ರಿತ್ಸುವಿಗೆ ಒಂದು ರಾತ್ರಿಯ ನಿದ್ದೆ ಕೆಡಿಸುವ ಗಿರಾಕಿಯನ್ನು. ಈ ವಾದವನ್ನು ಅವನು ವರ್ಷವಿಡೀ ತನ್ನೆದುರು ತಾನೇ ಮಂಡಿಸಿದ್ದ, ತಾನೇ ಒಪ್ಪಿಯೂ ಇದ್ದ. ಬೆಳಿಗ್ಗೆ ಆ ಮನುಷ್ಯ ತೋಬಿನೋಯಾದ ಹಿಂದಿನ ಕಣಿವೆಯಲ್ಲಿ ಸಿಕ್ಕ. ಅಂದಿನಿಂದ ರಿತ್ಸು ದಾರಿಯಲ್ಲಿ ಎದುರಾದಾಗಲೆಲ್ಲ ಅವನಿಗೆ ಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚಾಗಿಯೇ ಬಗ್ಗಿ ನಮಸ್ಕರಿಸುತ್ತಾಳೆ. ಬೈದಿದ್ದರೆ ಆಗುತ್ತಿತ್ತು.

"ಅವರು ಇದ್ದಾರಾ?" ಎಂದು ಹೆಂಗಸು ಮತ್ತೆ ಕೇಳಿದಳು.

"ಇದ್ದಾರೆ. ಅಂದ್ರೆ, ನಾನೇ."

ಅವಳು ಇನ್ನೊಮ್ಮೆ, ಮೊದಲಿಗಿಂತ ಆಳವಾಗಿ ಬಗ್ಗಿದಳು. ಅವಳ ನೆತ್ತಿಯ ಬೈತಲೆಯಲ್ಲಿ ಬಿಳಿಗೂದಲು ಒಂದು ಬೆರಳಗಲ ಬೆಳೆದಿತ್ತು. ಅದು ಬಹಳ ಹೊತ್ತು ಅವನ ಕಣ್ಣೆದುರಿಗೇ ಇತ್ತು. ಅಷ್ಟು ಹೊತ್ತಿನಲ್ಲಿ ಕುನಿಮಾತ್ಸು ಯೋಚಿಸಿದ್ದು, ನಾಚಿಕೆಗೇಡೆಂದರೆ, ಒಂದೇ ವಿಷಯ: ಈ ಕಾರ್ಡು ರಿತ್ಸುವಿನ ಕಣ್ಣಿಗೆ ಬಿದ್ದರೆ? ಸರದಿ ತಪ್ಪಿಸಿ ನಿಮ್ಮ ಮನೆಯನ್ನೇ ಆರಿಸಿದರಂತೆ ಎಂದು ಈಕೆ ಕೃತಜ್ಞತೆಯಿಂದಲೇ ಒಂದು ಮಾತು ಹೇಳಿದರೆ?

"ತೋಬಿನೋಯಾ ಇವತ್ತು ತುಂಬಿದೆಯಮ್ಮಾ" ಅಂದ.

"ಫೋನ್ ಮಾಡದೇನೇ ಗೊತ್ತಾಯ್ತಾ?"

"ಬೆಳಿಗ್ಗೆ ಹೇಳಿದ್ರು. ಬೇರೆ ಮನೆ ನೋಡೋಣ. ಎಲ್ಲಾ ಚೆನ್ನಾಗಿದೆ, ನೀರು..." ಎಂದು ಅರ್ಧಕ್ಕೇ ನಿಲ್ಲಿಸಿ ಡಯಲ್ ತಿರುಗಿಸಿದ.

ಮೊದಲ ಮನೆಯಲ್ಲಿ ರೇಡಿಯೋದ ಸುಮೋ ಕುಸ್ತಿಯ ಗದ್ದಲ. ಯಜಮಾನ ಕುಸ್ತಿಯ ಕಡೆಗೇ ಒಂದು ಕಿವಿ ಇಟ್ಟುಕೊಂಡು, "ಹೆಂಗಸಾ? ಒಬ್ರೇನಾ? ಅಯ್ಯೋ, ಈಗ ತಾನೇ ಕೊನೇ ಕೋಣೆ ಹೋಯ್ತಲ್ರೀ" ಅಂದ. ಆ ಮನೆಯಲ್ಲಿ ಸೋಮವಾರದಿಂದ ಒಬ್ಬ ಗಿರಾಕಿಯೂ ಇರಲಿಲ್ಲ. ಎರಡನೆಯವರು, "ಹೋದ ವರ್ಷ ತೋಬಿನೋಯಾಗೆ ಆದದ್ದು ಸಾಲ್ದಾ? ದೆವ್ವ ಓಡಿಸೋಕೆ ಪುರೋಹಿತರನ್ನ ಮೂರು ಸಲ ಕರೆಸಿದ್ರು ಅವರು" ಅಂದು ಇಟ್ಟುಬಿಟ್ಟರು. ಮೂರನೆಯ ಮನೆಯ ಮುದಿ ಒಡತಿ ಮಾತುಗಾರ್ತಿ.

"ಇಬ್ಬರಾದ್ರೆ ಕೊಡ್ತೀನಪ್ಪಾ. ಒಬ್ಬರಿಗಿಲ್ಲ."

"ಒಬ್ಬರು ಇಬ್ಬರಿಗಿಂತ ಹೆಚ್ಚು ಜಾಗ ತಗೋತಾರಾ, ಅಜ್ಜೀ?"

"ಒಬ್ಬರು ಅಂದ್ರೆ ಮೂವರ ಕೆಲಸ. ಒಬ್ಬರು ಅವರು. ಪಕ್ಕದ ಕೋಣೇಲಿ ರಾತ್ರಿಯೆಲ್ಲ ಕಿವಿಗೊಟ್ಟು ಕೂತ್ಕೊಳ್ಳೋಕೆ ಒಬ್ಬಳು ಆಳು. ಅವಳು ತೂಕಡಿಸದ ಹಾಗೆ ನೋಡ್ಕೊಳ್ಳೋಕೆ ನಾನು. ನನಗೆ ಎಪ್ಪತ್ತೊಂಬತ್ತು. ನನ್ನನ್ನ ಯಾರು ನೋಡ್ಕೋತಾರೆ? ಅದಿರ್ಲಿ, ಹೇಗಿದ್ದಾರೆ?"

ಕುನಿಮಾತ್ಸು ಹೆಂಗಸಿನ ಕಡೆ ನೋಡಿದ. ನಕಾಶೆ ಅವಳ ಕೈಯಲ್ಲೇ ಇತ್ತು, ಮಡಿಸಿರಲಿಲ್ಲ. ಅವನು ನೋಡುತ್ತಿದ್ದಾನೆಂದು ಗೊತ್ತಾದ ಕೂಡಲೇ ಅವಳು, "ನಾಳೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ?" ಎಂದಳು. ಬದುಕುವವಳು ಎಂದುಕೊಂಡ. ಏಳೂ ನಲವತ್ತು ಎಂದ. ಅವಳು ತಲೆಯಾಡಿಸಿ, ಎಲ್ಲೋ ನೋಡುತ್ತ, "ಹಾಗೆ ಕೇಳ್ಬೇಕಂತೆ" ಅಂದಳು. "ಬಸ್ಸಲ್ಲಿ ಪಕ್ಕ ಕೂತಿದ್ದ ಅಜ್ಜಿ ಹೇಳ್ಕೊಟ್ರು. ಊಟಕ್ಕೇನು ಅಂತಾನೂ ಕೇಳು ಅಂದ್ರು. ಕೇಳ್ಲಾ?"

ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಅವಳ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಇಪ್ಪತ್ತೆರಡು ವರ್ಷದ ಕಣ್ಣು ಅದರ ಮೇಲೆ ಜಾರಿಹೋಯಿತು. ಬದುಕುವವಳೋ? ಗಂಡನ ದಾರಿ ಹಿಡಿದು ಬಂದವಳೋ? ಮುದುಕಿ ಫೋನಿನಲ್ಲಿ ಹಲೋ ಹಲೋ ಅನ್ನುತ್ತಲೇ ಇದ್ದಳು. ಮೂರೂ ಇಪ್ಪತ್ತಕ್ಕೆ ಕೆಳಗಿನ ಪೇಟೆಗೆ ಹೋಗುವ ಬಸ್ಸಿದೆ. ಈಕೆಯನ್ನು ಅದಕ್ಕೆ ಹತ್ತಿಸಿದರೆ ಕಾರ್ಡೂ ಹೋಗುತ್ತದೆ, ರಿತ್ಸುವಿನ ಕಿವಿಗೂ ಬೀಳುವುದಿಲ್ಲ, ಏನಾದರೂ ಆದರೆ ಬೇರೆ ಸಂಘದವರದು. ಎಷ್ಟು ಸರಳ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದೇ, ಹೋದ ವರ್ಷ ಆ ಸಂಜೆ, ಐದಕ್ಕೆ ಹತ್ತು ನಿಮಿಷವಿದ್ದಾಗಲೂ ಎಲ್ಲ ಇಷ್ಟೇ ಸರಳವಾಗಿತ್ತೆಂದು ನೆನಪಾಯಿತು. ಬೆರಳಿಗೆ ತಾಗಿದ ಮರದ ತಂಪು, ಹಲಗೆಯ ತುದಿಯಿಂದ ತುದಿಗೆ ಎರಡು ಹೆಜ್ಜೆ ದೂರ. ಅವನು ಫೋನು ಇಟ್ಟ.

"ಅಮ್ಮಾ, ಆ ಕಾರ್ಡಲ್ಲಿ ಬರೆದಿರೋದು ನಿಜ ಅಲ್ಲ."

ಅವಳು ಮುಖ ಎತ್ತಿ ಅವನನ್ನು ನೋಡಿದಳು.

"ಬಿಲ್ಲೆ ಬದಲಿಸಿದ್ದು ನಿಜ. ಕರುಣೆಯಿಂದ ಅಲ್ಲ. ಅವರು ಯಾತಕ್ಕೆ ಬಂದಿದ್ದಾರೆ ಅಂತ ನನಗೆ ನೋಡಿದ ಕೂಡ್ಲೇ ಗೊತ್ತಾಯ್ತು. ತೋಬಿನೋಯಾದವರ ಮೇಲೆ ನನಗೆ ಸಿಟ್ಟಿತ್ತು. ಅವರಿಗೆ ತಲೆನೋವಾಗ್ಲಿ ಅಂತ ಕಳಿಸ್ದೆ. ಒಳ್ಳೆಯವರು, ಸೇರಿಸಿಕೊಳ್ಳಿ ಅಂದೆ." ಮಾತು ಬಾಯಿಂದ ಬಂದಮೇಲೆ ಎಷ್ಟು ಚಿಕ್ಕದಾಗಿತ್ತೆಂದರೆ, ಇಷ್ಟನ್ನೇ ವರ್ಷವಿಡೀ ಹೊತ್ತೆನೆ ಎಂದು ಅವನಿಗೆ ಅಸಹ್ಯವಾಯಿತು.

ಒಲೆಯ ಮೇಲಿನ ಕೆಟಲು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಹೆಂಗಸು ಕಾರ್ಡನ್ನು ಅವನ ಮುಂದಿನಿಂದ ತೆಗೆದುಕೊಂಡು, ಅದರ ಅಂಚಿಗೆ ಮೇಜಿನಿಂದ ತಾಗಿದ್ದ ಚಹದ ತೇವವನ್ನು ಕರವಸ್ತ್ರದಿಂದ ಒತ್ತಿ ಒರೆಸಿದಳು.

"ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ?"

"ಏನು?"

"ನೀವು ಈಗ ಹೇಳಿದ್ದು."

"ಇಲ್ಲ."

"ಹಾಗಾದ್ರೆ ಇದು ಹೀಗೇ ಇರ್ಲಿ. ಮಕ್ಕಳಿಗೆ ಇದನ್ನೇ ಓದಿ ಹೇಳಿದ್ದೀನಿ. ಇನ್ನೊಂದನ್ನ ಓದಿ ಹೇಳೋಕೆ ನನ್ನಿಂದಾಗಲ್ಲ." ಅವಳು ಬಟ್ಟೆಯ ಗಂಟು ಬಿಚ್ಚಿ, ಒಂದು ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿ, ಎರಡೂ ಕೈಯಿಂದ ತಳ್ಳಿದಳು. "ತಗೊಳ್ಳಿ. ವಾಪಸ್ಸು ಹೊತ್ಕೊಂಡು ಹೋಗೋಕೆ ಭಾರ. ಈಗ ಫೋನ್ ಮಾಡಿ."

ಪೆಟ್ಟಿಗೆಯನ್ನು ಅವನು ತೆಗೆದುಕೊಂಡ. ತೆಗೆದುಕೊಳ್ಳದೆ ಇರುವ ರೀತಿ ಯಾವುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಫೋನೆತ್ತಿದ್ದು ರಿತ್ಸುವೇ. "ಹೇಗಿದ್ದಾರೆ?" ಎಂದಳು, ಎಂದಿನಂತೆ.

"ಇನುಕಾಯ್-ಸಾನ್ ಅವರ ಹೆಂಡತಿ. ಒಬ್ಬರೇ ಬಂದಿದ್ದಾರೆ. ಹೇಗಿದ್ದಾರೆ ಅಂತ ನನಗೆ ಗೊತ್ತಾಗ್ತಿಲ್ಲ." ಹಲಗೆಯ ಕಡೆ ನೋಡಿದ. "ಇವತ್ತಿನ ಸರದಿ ನಿಮ್ಮದಲ್ಲ, ಒಡತಿ. ಹೋದ ವರ್ಷಾನೂ ನಿಮ್ಮದಾಗಿರಲಿಲ್ಲ."

ಆ ಕಡೆ ಯಾರೋ ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಆ ಸದ್ದು ನಿಂತಿತು.

"ನಮ್ಮ ಬಿಲ್ಲೆ ಹಿಂದಿನ ದಿನವೇ ಆಚೆ ತುದಿಗೆ ಹೋಗಿತ್ತು, ಕುನಿಮಾತ್ಸು-ಸಾನ್" ಎಂದಳು ರಿತ್ಸು. "ಅಂಚೆಯವರ ಗುಂಪು ಬಂದಿತ್ತಲ್ಲ, ಒಂಬತ್ತು ಜನ. ನನ್ನ ಮನೆ ಸರದಿ ನನಗೆ ಲೆಕ್ಕ ಇರಲ್ವಾ?"

"ಗೊತ್ತಿದ್ದೂ..."

"ಗೊತ್ತಿದ್ದೂ ಸೇರಿಸ್ಕೊಂಡೆ. ನೀವು ಕೋಪ ಮರೆತು ಒಳ್ಳೇ ಗಿರಾಕೀನ ನನಗೆ ಕಳಿಸಿದ್ದೀರಿ ಅಂದ್ಕೊಂಡೆ. ಸಂತೋಷವಾಯ್ತು. ಬೆಳಿಗ್ಗೆ ತನಕ." ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವರನ್ನ ಕಳಿಸಿ. ಗೋಸಾಕು ಗಾಡಿ ತರ್ತಾನೆ. ನೀವೂ ಬನ್ನಿ. ಪಕ್ಕದ ಕೋಣೇಲಿ ಇವತ್ತು ನನ್ನ ಹೆಣ್ಣಾಳುಗಳನ್ನ ಕೂರಿಸಲ್ಲ. ನೀವು ಕೂತ್ಕೊಳ್ಳಿ."

ತೋಬಿನೋಯಾದ ಹಳೇ ಆಳು ಗೋಸಾಕು ಅರ್ಧ ಗಂಟೆಯಲ್ಲಿ ಬಂದ. ಅವನೂ ಕುನಿಮಾತ್ಸುವೂ ಒಂದೇ ಶಾಲೆ. ಕಣಿವೆಯಲ್ಲಿ ದೇಹವನ್ನು ಮೊದಲು ಕಂಡವನು ಅವನೇ. "ನೀನೂ ಹತ್ತು ಕುನಿ-ಸಾನ್, ಮಗಳನ್ನ ಗಂಡನ ಮನೆಗೆ ಬಿಡೋಕೆ ಹೊರಟವನ ಹಾಗೆ ಮುಖ ಮಾಡ್ಬೇಡ" ಎಂದು ಚೇಷ್ಟೆ ಮಾಡಿದವನು, ಹೆಂಗಸಿನ ಹೆಸರು ಕೇಳಿದ ಮೇಲೆ ತಲೆಯ ಟೋಪಿ ತೆಗೆದು ಗಾಡಿ ಹೊರಡಿಸಿದ. ದಾರಿಯ ಎರಡೂ ಕಡೆ ಗಂಧಕದ ಹೊಗೆಗೆ ಸತ್ತ ಮರಗಳು ಬೆಳ್ಳಗೆ ನಿಂತಿದ್ದವು. ಕುನಿಮಾತ್ಸು ಮಿಠಾಯಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಚೇರಿಯಲ್ಲಿ ಬಿಟ್ಟು ಬರುವುದು ಒಂದು ಬಗೆಯ ಅವಮಾನ, ತರುವುದು ಇನ್ನೊಂದು ಬಗೆಯದು. ಯಾವುದು ಯಾರಿಗೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಗಾಡಿ ಬಂದುಬಿಟ್ಟಿತ್ತು.

ಹೊಸ್ತಿಲ ಮೇಲೆ ರಿತ್ಸು ಮಂಡಿಯೂರಿ ಕಾಯುತ್ತಿದ್ದಳು. ಹೆಂಗಸು ಕೆಳಗಿನ ಕಲ್ಲಿನ ಮೇಲೆಯೇ ಮಂಡಿಯೂರಿದಳು. ಇಬ್ಬರೂ ಬಗ್ಗಿದರು. ಮೊದಲು ತಲೆ ಎತ್ತಿದವರು ಕಡಿಮೆ ತಪ್ಪಿತಸ್ಥರಾಗುತ್ತಾರೆಂಬಂತೆ ಇಬ್ಬರೂ ಎತ್ತಲಿಲ್ಲ. ಗೋಸಾಕು ಚೀಲ ಹಿಡಿದುಕೊಂಡು, ಕುನಿಮಾತ್ಸು ಪೆಟ್ಟಿಗೆ ಹಿಡಿದುಕೊಂಡು, ಇಬ್ಬರು ಗಂಡಸರೂ ಆ ಎರಡು ಬೆನ್ನುಗಳನ್ನು ನೋಡುತ್ತ ನಿಂತರು. ತನಗೂ ಅಲ್ಲಿ ಒಂದು ಜಾಗವಿದೆ, ಮೂರನೆಯದು, ಅದು ಎಲ್ಲಿ, ಯಾವ ಕಡೆಗೆ ಮುಖಮಾಡಿ ಎಂದು ಕುನಿಮಾತ್ಸು ಹುಡುಕುತ್ತಲೇ ಇದ್ದ. ಆಗ ರಿತ್ಸು ಎದ್ದು, "ಬನ್ನಿ, ಕಲ್ಲು ತಣ್ಣಗಿದೆ" ಎಂದು ಹೆಂಗಸಿನ ಕೈ ಹಿಡಿದಳು. ಅವನ ಕಡೆ ತಿರುಗಿ ಈ ಸಲ ಬಗ್ಗಲಿಲ್ಲ. ಬರೀ ನೋಡಿದಳು. ಒಂದು ವರ್ಷದಲ್ಲಿ ಅದೇ ಮೊದಲು.

ಅವನಿಗೆ ಕೊಟ್ಟ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಕಾಯುವವರ ಕೋಣೆಗೆ ದೀಪ ಹಾಕುವುದಿಲ್ಲ. ನಡುವೆ ಕಾಗದದ ಜಾರುಬಾಗಿಲು, ಅದರಾಚೆಯ ಬೆಳಕಿನಲ್ಲಿ ಅವಳ ನೆರಳು ಕೋಟನ್ನು ತೂಗುಹಾಕಿತು, ಕುಳಿತಿತು, ಬಹಳ ಹೊತ್ತು ಹಾಗೆಯೇ ಇತ್ತು. ಆರು ಗಂಟೆಗೆ ಊಟ ಬಂತು. ತಟ್ಟೆಗಳನ್ನು ಇಡುವ ಸದ್ದು, ಅನ್ನದ ಮರಿಗೆಯ ಮುಚ್ಚಳ ತೆಗೆದ ಸದ್ದು, ಕೆಲಸದ ಹೆಂಗಸು ಏನೋ ಹೇಳಿ ಹೊರಟುಹೋದ ಸದ್ದು. ಆಮೇಲೆ ಏನೂ ಇಲ್ಲ. ಕುನಿಮಾತ್ಸು ಊಟದ ಕಡ್ಡಿಗಳು ತಟ್ಟೆಗೆ ತಾಗುವ ಸದ್ದಿಗೆ ಕಾದ. ಸಾರು ಆರುತ್ತಿರಬೇಕು. ಕಿವಿಗಳು ನೋಯತೊಡಗಿದವು. ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ, ಅವನು ಯಾವ ಗಿರಾಕಿಯನ್ನೂ ಕೇಳಿರಲಿಲ್ಲ. ಮುಖ ನೋಡುವುದಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು.

"ಕುನಿಮಾತ್ಸು-ಸಾನ್" ಎಂದಿತು ಬಾಗಿಲಾಚೆಯ ದನಿ. "ನೀವು ಅಲ್ಲಿದ್ದೀರಿ ಅಲ್ವಾ?"

"ಇದ್ದೀನಮ್ಮಾ."

"ಹೋದ ವರ್ಷ ಆ ಕೋಣೇಲಿ ಯಾರಿದ್ರು?"

ಅವನು ಕತ್ತಲಲ್ಲಿ ತನ್ನ ಮಂಡಿಗಳನ್ನು ಹಿಡಿದುಕೊಂಡ. ಒಳ್ಳೆಯವರು ಅಂತ ರಿತ್ಸುವಿಗೆ ಹೇಳಿದ್ದೆನಲ್ಲ. ಒಳ್ಳೆಯವರನ್ನು ಯಾಕೆ ಕಾಯುತ್ತಾರೆ.

"ಯಾರೂ ಇರಲಿಲ್ಲ" ಎಂದ.

"ಹೂಂ" ಎಂದಳು ಅವಳು.

ನೆರಳು ಮಿಸುಕಾಡಲಿಲ್ಲ. ಅವನು ಬಾಗಿಲಿಗೆ ಇನ್ನೂ ಒಂದು ಗೇಣು ಹತ್ತಿರ ಸರಿದು, ಕಿವಿಯನ್ನು ಕಾಗದಕ್ಕೆ ಒತ್ತಿ ಕೂತ.